ಯಾರಿಗೂ ಸೇರದ ಒಂದು ಗೇಣು ನೆಲ

ಪಾಳಿಗೆ ಕರೆಯುವ ಗಿರಣಿಯ ಮೊದಲ ಭೋಂಗಾ ಇನ್ನೂ ಕೂಗಿಲ್ಲ. ಸೊಲ್ಲಾಪುರದ ವಕೀಲ ಶಾಂತಲಿಂಗಪ್ಪನವರ ಮನೆಯ ಮಾಳಿಗೆಯ ಬಚ್ಚಲಲ್ಲಿ, ಕಲ್ಲು ಕೂರಿಸುವ ಗವಂಡಿ ಅಮೋಗಸಿದ್ಧ ನೆಲಕ್ಕೆ ಕಿವಿಗೊಟ್ಟು ಮಲಗಿದ್ದಾನೆ. ಕರಣಿಯ ಹಿಡಿಯಿಂದ ಒಂದೊಂದೇ ಶಹಾಬಾದಿ ಫರಸಿಕಲ್ಲನ್ನು ತಟ್ಟುತ್ತಾನೆ. ಗಟ್ಟಿಯಾಗಿ ಕುಳಿತ ಕಲ್ಲು ಟಣ್ಣೆನ್ನುತ್ತದೆ. ಕೆಳಗೆ ಟೊಳ್ಳಿದ್ದರೆ ಬೊದ್ದೆನ್ನುತ್ತದೆ.

ಬಾಗಿಲಲ್ಲಿ ವಕೀಲರ ಕಾವಲು. "ಕಲ್ಲು ಒಡದು ಕೆಲಸಾ ಬೆಳಸಬ್ಯಾಡ ನೋಡು."

"ಕಿವಿಲೆ ಕಲ್ಲು ಒಡಿಯೂದಿಲ್ರಿ, ಸಾಹೇಬ್ರ."

ಬ್ರಿಟಿಷರ ಮಾರ್ಷಲ್ ಲಾ ಬಂದು ಹೋಗಿ ಮೂರು ವರ್ಷವಾದರೂ ಈ ಊರಿನಲ್ಲಿ ಒಬ್ಬರನ್ನೊಬ್ಬರು ನಂಬುವ ರೂಢಿ ಮರಳಿಲ್ಲ. ಈ ಬಚ್ಚಲಿನ ಪಕ್ಕದಲ್ಲಿಯೇ ಸರಪಳಿ ಎಳೆದರೆ ನೀರು ಬೀಳುವ ವಿಲಾಯತಿ ಸಂಡಾಸಿದೆ. ಅದರ ಕೆಳಗಿನ ಖೋಲಿಯಲ್ಲಿ ಬೀಡಿ ಸುತ್ತುವ ವಿಧವೆ ನೀಲಗಂಗಾ ಬಾಡಿಗೆಗಿದ್ದಾಳೆ. ನಾಲ್ಕು ತಿಂಗಳಿಂದ ಅವಳ ಗೋಡೆ ಒದ್ದೆ. ಅವಳು ಖೋಲಿಯೊಳಗೇ ಜಳಕ ಮಾಡಿ ಗೋಡೆ ಕೆಡಿಸುತ್ತಾಳೆಂದು ವಕೀಲರ ಅನುಮಾನ. ಬರುವ ಅಮಾವಾಸ್ಯೆಯೊಳಗೆ ಖೋಲಿ ಬಿಡಬೇಕೆಂದು ಅವರ ಅಪ್ಪಣೆ. ಸಾಕ್ಷಿಯಿಲ್ಲದೆ ಬಾಯಿ ತೆರೆಯದ ವಕೀಲರು ಬಡವೆಯ ಮೇಲೆ ತೀರ್ಪು ಕೊಡಲು ಯಾವ ಸಾಕ್ಷಿಯನ್ನೂ ಕೇಳಲಿಲ್ಲ.

ಗವಂಡಿಯ ಮೇಲೂ ಅದೇ ಕಣ್ಣು. "ಆಕೀನೂ ನೀನೂ ಒಂದ ಊರಿನವರೇನು?"

"ಆಕೀದು ನಾಗಣಸೂರ್ರಿ, ನಂದು ಕಂದಲಗಾಂವ. ನಡುವ ಈ ಸೊಲ್ಲಾಪುರಾನ ಐತಿ, ನಿಮ್ಮಂಥಾ ವಕೀಲರೂ ಭಾಳ ಅದಾರ."

ಪಕ್ಕದಲ್ಲಿ ನಿಂತು ಇದನ್ನೆಲ್ಲ ಬರೆಯುವ ನಮಗೂ ಅನುಮಾನವಿತ್ತೆಂಬುದನ್ನು ಮುಚ್ಚಿಡಲಾರೆವು. ನೆಲಕ್ಕೆ ಕಿವಿಗೊಟ್ಟು ರೋಗ ಹೇಳುವವನನ್ನು ಯಾರು ತಾನೇ ಸುಲಭವಾಗಿ ನಂಬುತ್ತಾರೆ?

ಅಮೋಗಸಿದ್ಧನ ವಯಸ್ಸು ಐವತ್ತರ ಆಸುಪಾಸು. ಅವನ ಮನೆಯವರು ಕುರಿ ಕಾಯುವವರು, ಕುರುಬರ ದೇವರು ಬೀರೋಬನ ಒಕ್ಕಲು. ಒಂದೇ ಬೇಸಿಗೆಯಲ್ಲಿ ರೋಗ ಬಂದು ಹಿಂಡು ಹೋಯಿತು. ಗಿರಣಿಗೆ ಕಲ್ಲು ಹೊರಲು ಬಂದವನು ಕಲ್ಲು ಕೂರಿಸುವುದನ್ನು ಕಲಿತ. ಉಳಿದ ಗವಂಡಿಗಳು ದಿನಕ್ಕೆ ಇಪ್ಪತ್ತು ಫರಸಿ ಹಾಸಿದರೆ ಇವನದು ಹನ್ನೆರಡು. ಸುಣ್ಣ ಅವನ ಬೆರಳ ಸಂದುಗಳನ್ನು ಸೀಳಿದೆ. "ಕುರಿ ಹೊಟ್ಟಿ ತಟ್ಟಿ ನೋಡತಿದ್ದೆ, ಈಗ ಕಲ್ಲು ತಟ್ಟತೀನಿ. ಎರಡೂ ಸುಳ್ಳು ಹೇಳೂದಿಲ್ರಿ," ಎನ್ನುತ್ತಾನೆ.

ಬೊದ್ದೆನ್ನುವ ಸದ್ದು ಸಂಡಾಸಿನ ಕಡೆಗೆ ಕರೆದೊಯ್ದ ಮೇಲೆ, ಬಣ್ಣಗಾರರ ಓಣಿಯಿಂದ ತಂದ, ನೂಲಿಗೆ ಹಾಕುವ ಕೆಂಪು ಬಣ್ಣವನ್ನು ಅವನು ಸಂಡಾಸಿನ ಮೇಲಿನ ನೀರಿನ ಟಾಕಿಗೆ ಸುರಿಯುತ್ತಾನೆ.

"ಕೆಳಗ ಮೊದಲ ಈ ಬಣ್ಣಾ ಬಳದಿಟ್ಟಿಲ್ಲಂತ ಹ್ಯಾಂಗ ನಂಬಲಿ?"

"ನೀವ ಹೋಗಿ ಗ್ವಾಡಿ ಮುಂದ ಕುಂದರ್ರಿ."

ವಕೀಲರು ಇಳಿದು ಹೋಗುತ್ತಾರೆ; ನಾವೂ ಹಿಂಬಾಲಿಸುತ್ತೇವೆ. ಮೇಲೆ ಸರಪಳಿ ಎಳೆದ ಸದ್ದು. ಸ್ವಲ್ಪ ಹೊತ್ತಿಗೆ ಗೋಡೆಯ ನೆತ್ತಿಯಲ್ಲಿ ಕೆಂಪು ಗೆರೆಯೊಂದು ಮೂಡಿ ನಿಧಾನವಾಗಿ ಇಳಿಯುತ್ತದೆ. ಬೀಡಿ ಎಲೆಯ ಮೊರದ ಮುಂದಿನಿಂದ ನೀಲಗಂಗಾ ಏಳುವುದಿಲ್ಲ. "ನಾ ಬಡವಿ ಖರೆ ರೀ, ಸಾಹೇಬ್ರ. ಆದರ ಕೆಂಪು ನೀರಿಲೆ ಜಳಕಾ ಮಾಡೂವಷ್ಟು ಹುಚ್ಚಿ ಅಲ್ಲ."

ತಪ್ಪು ಸಿಗುವುದು ಸಂಡಾಸಿನ ಬುಡದಲ್ಲಿ. ಬಚ್ಚಲಿನ ಫರಸಿಗಳು ಮೋರಿಯ ಕಡೆಗೆ ಇಳಿಯುವ ಬದಲು ಇದೇ ಬುಡದ ಕಡೆಗೆ ವಾಲಿವೆ; ಬುಡದ ಸುತ್ತ ಒಂದು ಗೇಣು ಅಗಲಕ್ಕೆ ಕಲ್ಲೇ ಇಲ್ಲ. ಮಣ್ಣು ತುಂಬಿ ಮೇಲೆ ಸುಣ್ಣ ಸಾರಿಸಿದ್ದಾರೆ. ಹಿಂದಿನ ಗವಂಡಿ ಸಂಡಾಸಿನ ಕೊಳವೆಯನ್ನು ಮುಟ್ಟಲು ಒಲ್ಲದೆ ಗೇಣು ದೂರದಲ್ಲೇ ಫರಸಿ ನಿಲ್ಲಿಸಿ ಕೈ ತೊಳೆದುಕೊಂಡ. ಅದು ಸಂಡಾಸು ಗುಡಿಸುವ ಝಾಡಮಾಲಿಯ ಕೆಲಸವೆಂದ. ಝಾಡಮಾಲಿ ಫರಸಿ ಮುಟ್ಟಿದರೆ ಮೈಲಿಗೆಯೆಂದು ಮನೆಯವರು ಅವನನ್ನು ತಡೆದರು. ಮಡಿ ಉಳಿಯಿತು, ಹೊಲಸು ನೀರು ಬಡವಳ ಅಡಿಗೆಯ ಗೋಡೆಗೆ ಇಳಿಯಿತು. ಇಂಥ ಮಡಿಯನ್ನು ಧರ್ಮವೆಂದು ಕರೆಯುವವರಿಗೆ ನಾಚಿಕೆಯಾಗಬೇಕು!

ಅಮೋಗಸಿದ್ಧ ಮೊಣಕೈವರೆಗೆ ಕೈ ಇಳಿಸಿ ಮಣ್ಣು ತೆಗೆಯುತ್ತಾನೆ. ಕೊಳವೆಯ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಸೆಣಬು ಬಿಗಿದು, ಇಟ್ಟಿಗೆಪುಡಿ ಬೆರೆಸಿದ ಸುಣ್ಣ ತುಂಬಿ, ಕಲ್ಲು ಕೂರಿಸುತ್ತಾನೆ. ವಾಲಿದ ಫರಸಿಗಳನ್ನು ಎಬ್ಬಿಸಿ ಮೋರಿಯತ್ತ ಇಳಿಜಾರು ಮಾಡಲು ಮತ್ತೂ ಎರಡು ದಿನ ಬೇಕಾಗುತ್ತದೆ.

ಅಮಾವಾಸ್ಯೆ ಕಳೆದಿದೆ. ಗೋಡೆ ಒಣಗಿದೆ, ನೀಲಗಂಗಾ ಅಲ್ಲಿಯೇ ಇದ್ದಾಳೆ. ವಕೀಲರು ತಪ್ಪಾಯಿತೆನ್ನಲಿಲ್ಲ, "ಸದ್ಯಕ್ಕ ಇರು" ಎಂದರು. ಕೆಲಸ ಮುಗಿದ ದಿನ ಗವಂಡಿಗೆ ವಕೀಲರ ಪತ್ನಿ ಶಾರದಾಬಾಯಿ ಬೊಗಸೆಗೆ ಎತ್ತರದಿಂದ ಕುಡಿಯುವ ನೀರು ಹೊಯ್ದರು. ಅವನು ಸಂಡಾಸಿನ ಕೊಳವೆ ಮುಟ್ಟುವ ಮೊದಲು ತಂಬಿಗೆಯನ್ನೇ ಕೈಗೆ ಕೊಟ್ಟಿದ್ದರು.

ಇದು ನೋವಲ್ಲವೇ ಎಂದು ಕೇಳಿದೆವು. ಅವನು ಕೈ ಒರೆಸಿಕೊಂಡು ನಮ್ಮ ಕಾಗದದ ಕಡೆ ನೋಡಿದ.

"ಕಲ್ಲಿನಾಂವ ನಂದಲ್ಲ ಅಂದ, ಝಾಡೂನಾಂವಗ ಮುಟ್ಟಾಕ ಬಿಡಲಿಲ್ಲ. ಆ ಗೇಣು ಜಾಗಾ ಇನ್ನ ಮ್ಯಾಲ ನಂದು ಅಂತ ಬರಕೋರ್ರಿ."