ಸುಗಲಮ್ಮ ಅಕ್ಷತೆ ಹಾಕದ ಕಾದಂಬರಿ

ಸುರಪುರದ ರಂಗಂಪೇಟೆಯ ಸುಗಲಮ್ಮನಿಗೆ ಗಂಡನ ಮೇಲೆ ಸಿಟ್ಟಾಗಲು ಪುರಸೊತ್ತೇ ಇರಲಿಲ್ಲ. ಇದ್ದ ಸಿಟ್ಟೆಲ್ಲ ಕಾದಂಬರಿ ಬರೆಯುವವರಿಗೇ ಸಾಲುತ್ತಿರಲಿಲ್ಲ. ಎಲ್ಲೋ ದೊಡ್ಡ ಊರಲ್ಲಿ ಕುರ್ಚಿಯ ಮೇಲೆ ಕೂತು ಮಾಂತ್ರಿಕರು, ರಾಕ್ಷಸರು, ಗಾಳಿಯಲ್ಲಿ ಹಾರುವ ಕುದುರೆಗಳು ಅಂತ ಬರೆಯುತ್ತಿದ್ದ ಆ ಮಹಾನುಭಾವರಲ್ಲಿ ಯಾರಾದರೂ ಒಬ್ಬರು ಸುರಪುರಕ್ಕೆ ಬಂದಿದ್ದರೆ, ಅವರು ಬಸ್ಸಿನಿಂದ ಪೂರ್ತಿ ಇಳಿಯುವ ಮೊದಲೇ ಈಕೆ ತಿರುಗಿ ಹತ್ತಿಸಿ ಕಳಿಸುತ್ತಿದ್ದಳು.

ಓದು ಆಕೆಗೆ ಶಾಲೆಯಿಂದ ಬಂದದ್ದಲ್ಲ. ನಿಜಾಮರ ಕಾಲದಲ್ಲಿ ಶಾಲೆ ಅಂದರೆ ಉರ್ದು. ಗಂಡ ಮರಿಲಿಂಗಪ್ಪ ಅದನ್ನೇ ಕಲಿತವನು; ಸರ್ಕಾರಿ ಕಾಗದವನ್ನು ಸರಸರ ಓದುತ್ತಿದ್ದ, ಕನ್ನಡದ ಹಾಳೆ ಕೊಟ್ಟರೆ ತಲೆಕೆಳಗು ಹಿಡಿಯುತ್ತಿದ್ದ. ಸುಗಲಮ್ಮನ ಅಪ್ಪ ಮಠದಲ್ಲಿ ಪುರಾಣ ಓದುತ್ತಿದ್ದವನು. ಅವನ ಕಣ್ಣಿಗೆ ಪೊರೆ ಬಂದಾಗ ಮಗಳಿಗೆ ಅಕ್ಷರ ತಿದ್ದಿಸಿ, ತನಗೆ ಓದಿ ಹೇಳುವಂತೆ ಮಾಡಿದ. ಜೊತೆಗೆ ಪುರಾಣ ಓದುವವರ ಕಟ್ಟುಪಾಡನ್ನೂ ಕಲಿಸಿದ. ಓದುವವರು ಮುಂದಿನ ಹಾಳೆ ತಿರುವಿ ನೋಡಬಾರದು, ಕೇಳುವವರ ಜೊತೆಗೇ ಹೋಗಬೇಕು. ಬರೆದದ್ದಕ್ಕೆ ಒಂದಕ್ಷರ ಕೂಡಿಸಬಾರದು, ಒಂದಕ್ಷರ ಬಿಡಬಾರದು. ಅಪ್ಪ ತೀರಿಕೊಂಡ ಮೇಲೂ ಆಕೆ ಇದನ್ನು ಮೀರಲಿಲ್ಲ.

ಪೊಲೀಸ್ ಆಕ್ಷನ್ ಮುಗಿದು ಹೈದರಾಬಾದ್ ಸಂಸ್ಥಾನ ದೇಶಕ್ಕೆ ಸೇರಿದ ಮೇಲೆ ಸುರಪುರದಲ್ಲಿ ಒಂದು ಕನ್ನಡ ವಾಚನಾಲಯ ಶುರುವಾಯಿತು. ಅದನ್ನು ನೋಡಿಕೊಳ್ಳುತ್ತಿದ್ದ ಚನ್ನಯ್ಯನವರು ಪೆಟ್ಟಿಗೆಗಟ್ಟಲೆ ಹೊಸ ಕಾದಂಬರಿ ತರಿಸಿದರು. ಸಂತೆಯ ದಿನ ಸುಗಲಮ್ಮ ಸೆರಗಿನಲ್ಲಿ ಹಳೆಯ ಪುಸ್ತಕ ಮುಚ್ಚಿಕೊಂಡು ಹೋಗಿ ಹೊಸದು ತರುತ್ತಿದ್ದಳು. ಮಧ್ಯಾಹ್ನ ಓಣಿಯ ಹೆಂಗಸರು ಬೀಜದ ಶೇಂಗಾ ಒಡೆಯಲು ಆಕೆಯ ಪಡಸಾಲೆಗೆ ಬಂದು ಕೂಡುತ್ತಿದ್ದರು. ಅವರ ಕೈ ಕಾಯಿ ಒಡೆಯುತ್ತಿದ್ದವು, ಈಕೆ ಓದುತ್ತಿದ್ದಳು.

ಓದುವುದು ಪುರಾಣದ ರೀತಿಯಲ್ಲಿ ಅಂದ ಮೇಲೆ ಕೇಳುವುದೂ ಅದೇ ರೀತಿ. ಪುರಾಣದಲ್ಲಿ ಶರಣರು ಹುಟ್ಟುವ ದಿನ ತೊಟ್ಟಿಲು ಕಟ್ಟುತ್ತಾರೆ, ಮದುವೆಯ ಅಧ್ಯಾಯ ಬಂದರೆ ಪುಸ್ತಕಕ್ಕೆ ಅಕ್ಷತೆ ಹಾಕುತ್ತಾರೆ, ಯಾರಾದರೊಬ್ಬಳನ್ನು ಮದುಮಗಳ ಹೆಸರಲ್ಲಿ ಕೂರಿಸಿ ಉಡಿ ತುಂಬುತ್ತಾರೆ. ರಂಗಂಪೇಟೆಯ ಹೆಂಗಸರು ಕಾದಂಬರಿಗೂ ಅದನ್ನೇ ಮಾಡಿದರು. ರಾಜಕುಮಾರಿಯರ ಮದುವೆಗೆ ಅರಿಶಿಣ ಹಚ್ಚಿದ ಅಕ್ಷತೆಯ ಜೋಳ ಹಾಳೆಗಳ ಮೇಲೆ ಬಿದ್ದು ಪುಸ್ತಕಗಳೆಲ್ಲ ಹಳದಿಯಾದವು.

"ಸುಗಲಮ್ಮ, ಇದು ಮಠದ ಪುರಾಣಲ್ಲ, ಮಂದಿ ಓದೋ ಪುಸ್ತಕ," ಅಂತ ಚನ್ನಯ್ಯನವರು ಪ್ರತಿ ಸಲ ಗೊಣಗುತ್ತಿದ್ದರು. "ಅರಿಶಿಣದಾಗ ಅಕ್ಷರ ಕಾಣವಲ್ವು."

"ಕಾಣದಿದ್ರ ಚೊಲೊ ಆತ್ರಿ ಅಯ್ಯಾರ," ಅನ್ನುತ್ತಿದ್ದಳು ಈಕೆ. "ಈ ಪುಸ್ತಕದಾಗ ಮಾಂತ್ರಿಕ ತನ್ನ ಜೀವ ಗಿಳಿಯಾಗ ಇಟ್ಟು ಏಳು ಸಮುದ್ರದಾಚಿ ಪಂಜರದಾಗ ಇಡ್ತಾನ. ಇಡ್ಲಿ. ಆ ಗಿಳಿಗಿ ದಿನಾ ಕಾಳು ಹಾಕೋರು ಯಾರು? ಅದನ್ನ ಬರೀಲಿಕ್ಕಿ ಅವಂಗ ಏನಾಗಿತ್ತು?"

ಇನ್ನೊಂದು ಪುಸ್ತಕದಲ್ಲಿ ಐನೂರು ವರ್ಷ ಮುಂದಿನ ಕಾಲ. ಜನ ಕಬ್ಬಿಣದ ಗಾಡಿಯಲ್ಲಿ ಚಂದ್ರನಲ್ಲಿಗೆ ಹೋಗಿ ಊರು ಕಟ್ಟುತ್ತಾರೆ. ಅಲ್ಲಿ ಅಡುಗೆಯಿಲ್ಲ, ದಿನಕ್ಕೊಂದು ಗುಳಿಗೆ ನುಂಗಿದರೆ ಹೊಟ್ಟೆ ತುಂಬುತ್ತದೆ. ಹೆಂಗಸರು ಇದನ್ನು ಬಾಯಿ ಬಿಟ್ಟುಕೊಂಡು ಕೇಳಿದ್ದರು. ಸುಗಲಮ್ಮ ಮಾತ್ರ ಕೆಂಡವಾದಳು.

"ಚಂದ್ರನ ಮ್ಯಾಲೂ ಆ ಗುಳಿಗಿ ತಾಟಿನಾಗಿಟ್ಟು ಗಂಡಗ ಕೊಡಾಕಿ ಹೆಂಡ್ತೀನ ಅದಾಳ್ರಿ. ಐನೂರು ವರ್ಷಾದ್ರೂ ಅವಂಗ ಗುಳಿಗಿ ತಾನ ತಗೊಳಾಕ ಬರಂಗಿಲ್ಲೇನು? ಸುಳ್ಳು ಬರೀಲಿ, ನಾ ಬ್ಯಾಡ ಅನ್ನಂಗಿಲ್ಲ. ಕುದುರಿ ಹಾರಲಿ, ಬೆಟ್ಟ ಮಾತಾಡಲಿ. ಸುಳ್ಳಿನಾಗೂ ಹೆಣ್ಮಕ್ಕಳಿಗಿ ನ್ಯಾಯ ಸಿಗಂಗಿಲ್ಲಂದ್ರ ಆ ಸುಳ್ಳರೆ ಯಾಕ ಬೇಕು?"

ಚನ್ನಯ್ಯನವರು ಕಪಾಟಿನತ್ತ ತಿರುಗಿದರು. ಅವರು 'ಏಳು ಕೀಲಿಯ ಕೋಟೆ' ಅನ್ನುವ ದಪ್ಪ ಪುಸ್ತಕ ತೆಗೆದು ಕೊಟ್ಟರು.

ಆ ಪುಸ್ತಕ ಓಣಿಯನ್ನೇ ಹಿಡಿದು ಕೂರಿಸಿತು. ಮದುವೆ ನಿಶ್ಚಯವಾದ ರಾಜಕುಮಾರಿಯನ್ನು ಮಾಂತ್ರಿಕನೊಬ್ಬ ಎತ್ತಿಕೊಂಡು ಹೋಗಿ ಏಳು ಬಾಗಿಲು, ಏಳು ಕೀಲಿಗಳ ಒಳಗೆ ಇಡುತ್ತಾನೆ. ರಾಜಕುಮಾರ ಬರುತ್ತಾನೆ ಅಂತ ಇವಳು ಕಾಯುವುದಿಲ್ಲ. ಒಂದೊಂದೇ ಕೀಲಿಯನ್ನು ತಾನೇ ಉಪಾಯದಿಂದ ತೆಗೆಯುತ್ತಾಳೆ. ಬರೆಯುವವರಲ್ಲಿ ಒಬ್ಬನಿಗಾದರೂ ಬುದ್ಧಿ ಬಂತಲ್ಲ ಅಂತ ಸುಗಲಮ್ಮ ಮೊದಲ ಸಲ ಹಿಗ್ಗಿದಳು.

ಕೇಳುವವರಲ್ಲಿ ಮಾನಮ್ಮ ಇದ್ದಳು, ಗೋಡೆಗೆ ಅಂಟಿಕೊಂಡು. ಪೊಲೀಸ್ ಆಕ್ಷನ್‌ಗೆ ಮೊದಲಿನ ಗದ್ದಲದ ವರ್ಷ ಊರ ಜನ ಜೀವ ಉಳಿಸಿಕೊಳ್ಳಲು ಕೃಷ್ಣೆ ದಾಟಿ ಮುಂಬೈ ಸರ್ಕಾರದ ಹದ್ದಿಗೆ ಓಡಿದಾಗ, ಗಂಡನ ಮನೆಯವರು ಒಂದು ಹರಿಗೋಲು ಹತ್ತಿದ್ದರು, ನೂಕುನುಗ್ಗಲಲ್ಲಿ ಇವಳು ಇನ್ನೊಂದು ಹತ್ತಿದ್ದಳು. ಆ ಹರಿಗೋಲು ಸೆಳವಿಗೆ ಸಿಕ್ಕು ಎಲ್ಲೋ ಕೆಳಗೆ ದಡ ಮುಟ್ಟಿತು. ತಿಂಗಳುಗಟ್ಟಲೆ ಯಾವುದೋ ಶಿಬಿರದಲ್ಲಿದ್ದು, ಎಲ್ಲ ತಣ್ಣಗಾದ ಮೇಲೆ ನಡೆದುಕೊಂಡು ಊರಿಗೆ ಬಂದಳು. ಅಷ್ಟು ದಿನ ಎಲ್ಲಿದ್ದಳೋ, ಯಾರ ಮನೆಯಲ್ಲಿ ಉಂಡಳೋ ಅಂತ ಗಂಡ ದೇವಿಂದ್ರನ ಮನೆಯವರು ಬಾಗಿಲು ತೆಗೆಯಲಿಲ್ಲ. ಮೂರು ವರ್ಷದಿಂದ ತವರಲ್ಲಿದ್ದಳು. ಅದೇ ಓಣಿ, ಅತ್ತೆ ಸಾಯಬಮ್ಮನ ಮನೆಯ ಹೊಗೆ ಇವಳ ಅಂಗಳಕ್ಕೆ ಕಾಣುತ್ತಿತ್ತು.

ಸಾಯಬಮ್ಮನಿಗೂ ಕಥೆಯ ಹುಚ್ಚು. ಮೊದಲ ಕೀಲಿಯ ದಿನ ಬಾಗಿಲ ಹೊರಗೆ, ಸೊಸೆಗೆ ಬೆನ್ನು ಮಾಡಿ ಕೂತಳು. ಮೂರನೆಯ ಕೀಲಿಗೆ ಹೊಸ್ತಿಲ ಮೇಲೆ ಬಂದಳು. ಆರನೆಯದಕ್ಕೆ ಒಳಗೇ ಬಂದು ಶೇಂಗಾ ಒಡೆಯತೊಡಗಿದಳು. ಏಳನೆಯ ಕೀಲಿ ಬಿದ್ದು ರಾಜಕುಮಾರಿ ಹೊರಬಂದ ದಿನ ಎಲ್ಲರೂ ಎದ್ದು ಹೋದರೂ ಅವಳು ಏಳಲಿಲ್ಲ.

"ಸುಗಲವ್ವ, ಮಾಂತ್ರಿಕನ ಮನ್ಯಾಗ ಇದ್ದು ಬಂದಾಳ. ರಾಜಕುಮಾರ ಕರ್ಕೊಂತಾನೇನು?"

"ಕರ್ಕೊಳ್ದಽ ಏನ್ ಮಾಡ್ತಾನ ಎಕ್ಕಾ? ನಾಳಿಗಿ ಮದುವಿ ಅಧ್ಯಾಯ. ಮಾನಮ್ಮನ್ನ ಕೂಡಿಸೋಣು. ನೀನಽ ಉಡಿ ತುಂಬು."

ಸಾಯಬಮ್ಮ ಮಡಿಲಲ್ಲಿದ್ದ ಶೇಂಗಾ ಸಿಪ್ಪೆ ಕೊಡವಿದಳು. ಆಮೇಲೆ, "ಅವ ಕರ್ಕೊಂಡ್ರ ನಾನೂ ಕರ್ಕೊಂತೀನಿ," ಅಂದು ಎದ್ದು ಹೋದಳು.

ಮುಂದಿನ ಹಾಳೆ ನೋಡದ ಸುಗಲಮ್ಮ ಮುಂದಿನ ಮಾತು ಕೊಟ್ಟಿದ್ದಳು. ಬರೆದವನನ್ನು ಜನ್ಮದಲ್ಲಿ ಒಮ್ಮೆ ನಂಬಿದ್ದಳು, ಅಷ್ಟೇ.

ಮರುದಿನ ಪಡಸಾಲೆ ಸಾರಿಸಿ ರಂಗೋಲಿ ಹಾಕಿದ್ದರು. ಮಾನಮ್ಮ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ಸಾಯಬಮ್ಮನ ತಾಟಿನಲ್ಲಿ ತೆಂಗಿನಕಾಯಿ, ಕುಪ್ಪಸದ ಕಣ, ಅಕ್ಷತೆ. ಸುಗಲಮ್ಮ ಓದಲು ಶುರು ಮಾಡಿದಳು. ರಾಜಕುಮಾರಿ ನಗರದ ಬಾಗಿಲಿಗೆ ಬಂದಳು. ರಾಜಕುಮಾರ ಓಡಿ ಬಂದ. ಹಿಂದೆ ಅವನಪ್ಪ ಬಂದ. ಪರರ ಕೋಟೆಯಲ್ಲಿ ರಾತ್ರಿ ಕಳೆದವಳು ನಮ್ಮ ಸಿಂಹಾಸನಕ್ಕೆ ಸಲ್ಲಳು ಅಂದ. ಸುಗಲಮ್ಮನ ದನಿ ನಿಂತಿತು.

"ಯಾಕ ನಿಂತಿ? ಏನ್ ಬರ್ದಾನ?" ಸಾಯಬಮ್ಮ ಕೇಳಿದಳು.

ಪಡಸಾಲೆಯಲ್ಲಿ ಓದು ಬಲ್ಲವಳು ಇವಳೊಬ್ಬಳೇ. ರಾಜ ಒಪ್ಪಿದ, ವಾದ್ಯ ಮೊಳಗಿತು ಅಂದುಬಿಟ್ಟರೆ ಅಲ್ಲಗಳೆಯುವವರಿಲ್ಲ. ಮಾನಮ್ಮನ ಉಡಿ ತುಂಬುತ್ತಿತ್ತು, ಸಂಜೆಗೆ ಗಂಡನ ಮನೆ ಸೇರುತ್ತಿದ್ದಳು. ನಾಲಿಗೆಯ ತುದಿಯವರೆಗೆ ಆ ಸುಳ್ಳು ಬಂದಿತ್ತು. ಆದರೆ ಆಮೇಲೆ ಯಾವತ್ತೋ ನಿಜ ತಿಳಿದರೆ ಹೊರಬೀಳುವವಳು ಮಾನಮ್ಮನೇ. ಅಪ್ಪನ ಕಟ್ಟುಪಾಡಿಗಿಂತ ಹೆಚ್ಚಾಗಿ ಆಕೆಯನ್ನು ತಡೆದದ್ದು ಸಿಟ್ಟು. ಕಾದಂಬರಿ ಬರೆದ ಈ ಗಂಡಸು ಮಾಡಿದ ಹೊಲಸನ್ನು ತಾನು ಯಾಕೆ ಸಾರಿಸಿ ಮುಚ್ಚಬೇಕು?

ಹಲ್ಲು ಕಚ್ಚಿ ಓದಿದಳು. ರಾಜಕುಮಾರಿ ಸದ್ದಿಲ್ಲದೆ ಬೆಂಕಿಗೆ ನಡೆದಳು. ಬೂದಿಯಿಂದ ಬಿಳಿ ಹೂವೊಂದು ಹುಟ್ಟಿತು. ರಾಜಕುಮಾರ ಆ ಹೂವನ್ನು ಎದೆಗೆ ಒತ್ತಿಕೊಂಡು ಕಣ್ಣೀರಿಟ್ಟ. ಇಂಥ ಹೆಣ್ಣೇ ನಾಡಿಗೆ ಭೂಷಣ ಅಂತ ಬರೆದವನು ಕೊನೆಗೆ ಕೈ ಮುಗಿದಿದ್ದ.

ಮೊದಲು ಸಿಡಿದವಳು ಸಾಯಬಮ್ಮ.

"ಏಳು ಕೀಲಿ ತಗದು ತನ್ನ ಕಾಲ ಮ್ಯಾಲ ನಡ್ಕೊಂತ ಬಂದಾಳ. ಅಂಥಾಕಿನ್ನ ಸುಡ್ತಾರ? ಎಂಥಾ ಮನಿಯವ್ರು ಇವ್ರು?"

"ನಿನ್ನ ಮನಿಯಂಥವ್ರು ಎಕ್ಕಾ," ಅಂದಳು ಸುಗಲಮ್ಮ.

"ನಾ ಯಾರಿಗರೆ ಬೆಂಕಿಗಿ ಹೋಗು ಅಂದೀನೇನು?"

"ಇಲ್ಲ. ಮೂರು ವರ್ಷ ತೌರುಮನ್ಯಾಗ ಕೊಳಿ ಅಂದಿ. ಬೆಂಕಿಯಾಗಿದ್ರ ಒಂದ ದಿನಕ್ಕ ಮುಗೀತಿತ್ತು."

ಸಾಯಬಮ್ಮನ ಮುಖ ಕಪ್ಪಿಟ್ಟಿತು. ತಾಟು ಎತ್ತಿಕೊಂಡು ಹೊರಟೇ ಬಿಡುತ್ತಾಳೆ ಅಂದುಕೊಂಡರು ಎಲ್ಲರೂ. ಆಗ ಮಾನಮ್ಮ ಮಾತಾಡಿದಳು. ಆ ಪಡಸಾಲೆಯಲ್ಲಿ ಅವಳ ದನಿಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

"ನಾ ಯಾವ ಕೀಲೀನೂ ಮುರೀಲಿಲ್ಲರಿ ಅತ್ತಿ. ಹೊಳಿ ಎಳದತ್ತ ಹರಿಗೋಲು ಹೋತು. ಅಲ್ಲಿ ನೂರಾರು ಮಂದಿಗಿ ರೊಟ್ಟಿ ಬಡದು ನನ್ನ ಹೊಟ್ಟಿ ತುಂಬಿಸ್ಕೊಂಡೆ. ನೀವು ಊರ ಮಂದಿನ್ನೆಲ್ಲ ಕೇಳಿದ್ರಿ. ನನ್ನ ಒಂದ ಸಲ ಕೇಳಲಿಲ್ಲ."

ಸಾಯಬಮ್ಮ ತಲೆ ತಗ್ಗಿಸಲಿಲ್ಲ, ಅಳಲೂ ಇಲ್ಲ. ತಾಟನ್ನು ದಡಕ್ಕನೆ ಕೆಳಗಿಟ್ಟು ಕಾಯಿ, ಕಣ, ಜೋಳ ಎಲ್ಲವನ್ನೂ ಸೊಸೆಯ ಉಡಿಗೆ ತುಂಬಿದಳು, ಜಗಳ ಆಡುವವಳ ಹಾಗೆ. "ನಡಿ ಮನಿಗಿ," ಅಂದಳು.

"ಹಿಂಗ ಬರಂಗಿಲ್ಲರಿ. ನಿಮ್ಮ ಮಗ ಬರಲಿ. ಹಗಲಿನಾಗ, ಓಣಿ ಮಂದಿ ಮುಂದ ಕರೀಲಿ."

ಸುತ್ತ ಕೂತವರು ಮುಷ್ಟಿಯಲ್ಲಿದ್ದ ಅಕ್ಷತೆಯನ್ನು ಪುಸ್ತಕದತ್ತ ಎತ್ತಿದಾಗ ಸುಗಲಮ್ಮ ಅದನ್ನು ಪಟ್ಟನೆ ಮುಚ್ಚಿ ಬೆನ್ನ ಹಿಂದೆ ಇಟ್ಟುಕೊಂಡಳು. ಜೋಳವೆಲ್ಲ ಮಾನಮ್ಮನ ತಲೆಯ ಮೇಲೆ ಬಿತ್ತು.

ಸಂತೆಯ ದಿನ ಬೆಳಿಗ್ಗೆ ದೇವಿಂದ್ರ ನೆಲ ನೋಡಿಕೊಂಡು ಬಂದ. ಓಣಿಯ ನಡುವೆ ನಿಂತು ಹೆಂಡತಿಯ ಹೆಸರು ಹಿಡಿದು ಕರೆದ. ಮೊದಲ ಸಲ ದನಿ ಹೊರಡಲಿಲ್ಲ. ಕೇಳಿಸಲಿಲ್ಲ ಅಂತ ಒಳಗಿನಿಂದ ಉತ್ತರ ಬಂತು. ಎರಡನೆಯ ಸಲ ಗಟ್ಟಿಯಾಗಿ ಕರೆದ. ಮಾನಮ್ಮ ಹೊರಬಂದು ಅವನಿಗಿಂತ ಮುಂದೆ ನಡೆದಳು.

ಅದನ್ನು ನೋಡಿಯೇ ಸುಗಲಮ್ಮ ವಾಚನಾಲಯಕ್ಕೆ ಹೋದದ್ದು. ಚನ್ನಯ್ಯನವರು ಪುಸ್ತಕದ ಕೊನೆಯ ಹಾಳೆಗಳನ್ನು ತಿರುವಿ ನೋಡಿ ಖುಷಿಯಾದರು.

"ಈ ಸಲ ಎಷ್ಟ ಚೊಕ್ಕ ತಂದಿ ಸುಗಲಮ್ಮ. ಒಂದು ಕಲೆ ಇಲ್ಲ."

"ಅಕ್ಷತಿ ಬೀಳು ಯೋಗ್ಯತಿ ಅದಕ್ಕ ಇದ್ದಿಲ್ಲರಿ ಅಯ್ಯಾರ," ಅಂದಳು ಸುಗಲಮ್ಮ. "ಬ್ಯಾರೆ ಕೊಡ್ರಿ."