ಉಣಕಲ್ ಕೆರೆಯ ದೋಣಿ, ಉಸ್ತಾದರ ಬಲಗೈ

೧೯೩೭ ಫೆಬ್ರವರಿ ೯, ಮಂಗಳವಾರ, ಮುಂಜಾನೆ ಏಳೂಕಾಲು. ಉಣಕಲ್ ಕೆರೆಯ ದಂಡೆಯಲ್ಲಿ, ಹೊಸದಾಗಿ ಇಂಜಿನ್ ಕೂಡಿಸಿದ ದೋಣಿಗೆ ಮೊದಲ ಹ್ಯಾಂಡಲ್ ಹೊಡೆದ ಹೊತ್ತು ಅದು. ನನ್ನ ವಹಿಯಲ್ಲಿ ಹಾಗೆ ಬರೆದಿದೆ.

ದೋಣಿ ಕೆರೆಯ ಹೂಳು ಸಾಗಿಸುವ ಗುತ್ತಿಗೆದಾರರದು, ಇಂಜಿನ್ ಒಂದು ಹಳೆಯ ಮೋಟಾರು ಗಾಡಿಯದು. ಅದನ್ನು ಕೂಡಿಸಿದವರು ಹುಬ್ಬಳ್ಳಿಯ ನನ್ನ ಉಸ್ತಾದರು. ಮುಲ್ಕಿ ಪರೀಕ್ಷೆ ಪಾಸಾಗಿ ಅಮ್ಮಿನಬಾವಿಯಿಂದ ಬಂದ ನಾನು ನಾಲ್ಕು ವರ್ಷದಿಂದ ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಅವರ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ಬಿಚ್ಚಿ ಕೂಡಿಸಿದ ಇಂಜಿನ್ ನೆಟ್ಟಗೆ ಓಡುವ ತನಕ ಅದನ್ನು ತಿರುಗಿಸಿ ಶುರುಮಾಡುವ ಹ್ಯಾಂಡಲ್ ಅವರೇ ಹೊಡೆಯಬೇಕು. "ಒದ್ರ ನನಗ ಒದೀಲಿ. ನಿಮ್ಮ ಅವ್ವಗೋಳಿಗೆ ಜವಾಬು ಹೇಳಾವ್ರು ಯಾರು?" ಎನ್ನುತ್ತಿದ್ದರು.

ಇಂಜಿನ್ ಶುರುವಾಗುವಾಗ ಕಿಡಿ ತಡವಾಗಿ ಬೀಳಬೇಕು, ಓಡುವಾಗ ಬೇಗ ಬೀಳಬೇಕು. ಬೇಗ ಬಿದ್ದರೆ ಶುರುವಿನಲ್ಲಿ ಹ್ಯಾಂಡಲ್ ತಿರುಗಿ ಒದೆಯುತ್ತದೆ. ಆ ಮೋಟಾರಿನಲ್ಲಿ ಇದಕ್ಕೊಂದು ಹಿಡಿಕೆ ಇತ್ತು: ಮೇಲೆ ಮಾಡಿದರೆ ತಡ, ಕೆಳಗೆ ಮಾಡಿದರೆ ಬೇಗ. ದೋಣಿಯಲ್ಲಿ ಆ ಹಿಡಿಕೆಯನ್ನು ಪಕ್ಕದ ಹಲಗೆಗೆ ಕೂಡಿಸಿ, ಅಲ್ಲಿಂದ ಕಿಡಿ ಕೊಡುವ ಮ್ಯಾಗ್ನೆಟೋದ ತನಕ ಒಂದು ನೆಟ್ಟನೆಯ ಕಬ್ಬಿಣದ ಸಳಿ ಹಾಕಿದವನು ನಾನು. ಉಸ್ತಾದರು ಬೆರಳಾಡಿಸಿ ನೋಡಿ, "ಛಲೋ ಆಗೇತಿ ಬೇಟಾ" ಅಂದಿದ್ದರು.

ಮೊದಲ ದಿನ ಹದಿನಾಲ್ಕು ಹ್ಯಾಂಡಲ್. ಒದ್ದದ್ದು ಐದು, ಶುರುವಾದದ್ದು ಎರಡು. ಶುರುವಾದರೂ ಎಳೆತವಿಲ್ಲ, ಹತ್ತು ನಿಮಿಷಕ್ಕೆ ಹೊಗೆಯ ಕೊಳವೆ ಕೆಂಪಗಾಯಿತು. ಶುರುವಿನಲ್ಲಿ ಕಿಡಿ ಬೇಗ, ಓಡುವಾಗ ತಡ. ಎಲ್ಲಾ ಉಲ್ಟಾ.

"ಮದುವಿ ಮನಿ ಬೀಗರ ಗತೆ ಐತಲೇ ಇದು," ಉಸ್ತಾದರು ನಕ್ಕರು. "ಕರಿಯೂಕಿಂತ ಮೊದ್ಲ ಬರ್ತಾರ, ಕೆಲಸಕ್ಕ ಕರದ್ರ ಸಿಗೂದಿಲ್ಲ."

ಎರಡನೆಯ ದಿನ ಮ್ಯಾಗ್ನೆಟೋದ ಹಲ್ಲುಚಕ್ರವನ್ನು ಒಂದು ಹಲ್ಲು ತಡದ ಕಡೆ ಸರಿಸಿದೆವು. ಹತ್ತು ಹ್ಯಾಂಡಲ್‌ನಲ್ಲಿ ಒಂದೂ ಒದೆಯಲಿಲ್ಲ, ಆದರೆ ಹೂಳು ತುಂಬಿದ ದೋಣಿ ಜಾಗ ಬಿಟ್ಟು ಅಲುಗಲಿಲ್ಲ. ಬೇಗದ ಕಡೆ ಸರಿಸಿದರೆ ಆರರಲ್ಲಿ ನಾಲ್ಕು ಒದ್ದವು. ದಂಡೆಯ ಮೇಲಿದ್ದ ಗುತ್ತಿಗೆದಾರರ ಗುಮಾಸ್ತ, "ಮಿಸ್ತ್ರಿಯವರ, ಎರಡು ಎಮ್ಮಿ ತರಸ್ಲೇನ್ರಿ ಎಳ್ಯಾಕ?" ಎಂದು ಕೂಗಿದ. ಸೋತು ಹಲ್ಲನ್ನು ಮೊದಲಿದ್ದಲ್ಲಿಗೇ ತಂದೆವು. ಸಂಜೆ ನಾನು ಎರಡೂ ದಿನದ ಲೆಕ್ಕವನ್ನು ಕೆಂಪು ಶಾಯಿಯ ಗೆರೆ ಹೊಡೆದು ಚಂದಾಗಿ ಬರೆದೆ. ಅಕ್ಷರ ನೋಡಿದೆ, ಅರ್ಥ ನೋಡಲಿಲ್ಲ.

ಗುರುವಾರ, ಒಂಬತ್ತು ನಲವತ್ತು. ಮೋಟಾರಿಗಾದರೆ ನಿಂತು ಹ್ಯಾಂಡಲನ್ನು ಕೆಳಗಿನಿಂದ ಮೇಲಕ್ಕೆ ಎಳೆಯುತ್ತಾರೆ. ಒದ್ದರೂ ಕೈ ಬಿಟ್ಟು ಹೋಗುತ್ತದೆ. ದೋಣಿಯಲ್ಲಿ ನಿಲ್ಲಲು ಜಾಗವಿಲ್ಲ. ಉಸ್ತಾದರು ಹಲಗೆಯ ಮೇಲೆ ಕೂತು ಮೇಲಿನಿಂದ ಒತ್ತುತ್ತಿದ್ದರು.

"ನಾ ಹೊಡೀಲೇನ್ರಿ?" ಅಂದೆ.

"ಸುಮ್ನಿರು. ಹಿಡಿಕಿ ಮ್ಯಾಲ ಐತಿ?"

"ಮ್ಯಾಲ ಐತ್ರಿ."

ಬಿಸ್ಮಿಲ್ಲಾ ಅಂದು ಒತ್ತಿದರು. ಮೂರನೆಯ ಹ್ಯಾಂಡಲ್ ಒದೆಯಿತು. ಒಣ ಹತ್ತಿಕಟಿಗಿ ಮುರಿದ ಹಾಗೆ ಸಪ್ಪಳ. ಅವರು ತಮ್ಮ ಬಲ ಮಣಿಕಟ್ಟನ್ನು ನೋಡಿದರು, ಬೇರೆ ಯಾರದೋ ಕೈ ಎಂಬಂತೆ. ಆಮೇಲೆ ಮೆಲ್ಲಗೆ, "ಪೆಟ್ರೋಲ್ ಬಂದ್ ಮಾಡು" ಅಂದರು.

ಅವರನ್ನು ಟಾಂಗಾದಲ್ಲಿ ದವಾಖಾನೆಗೆ ಮುಟ್ಟಿಸಿ, ಮಧ್ಯಾಹ್ನ ಸಾಮಾನು ತರಲು ದೋಣಿಗೆ ಹೋದೆ. ಸುಮ್ಮನೆ ಹಿಡಿಕೆ ಮೇಲೆ ಮಾಡಿ ಮ್ಯಾಗ್ನೆಟೋ ಕಡೆ ನೋಡಿದೆ. ಅದರ ತೋಳು ಬೇಗದ ಕಡೆ ಸರಿಯಿತು. ಮೋಟಾರಿನಲ್ಲಿ ಎರಡು ಸಳಿಗಳ ನಡುವೆ ಮೊಣಕೈಯಂತೆ ಬಾಗಿದ ಒಂದು ತುಂಡು ಇತ್ತು. ಎಳೆತದ ದಿಕ್ಕು ತಿರುಗಿಸಲೆಂದೇ ಅದು ಇದ್ದದ್ದು. ಜಾಗ ಸಾಲದೆಂದು ನಾನು ಅದನ್ನು ಬಿಟ್ಟು ನೆಟ್ಟನೆಯ ಸಳಿ ಹಾಕಿದ್ದೆ. ಮೂರೂ ದಿನ ಅಭ್ಯಾಸಬಲದಿಂದ ಹಿಡಿಕೆ ಮೇಲೆ ಮಾಡಿ, ಕಿಡಿ ತಡವಾಯಿತೆಂದು ನಂಬಿದ್ದೆವು. ಕಂಡುಹಿಡಿಯಲು ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಆ ನಿಮಿಷ ಬುಧವಾರ ಸಂಜೆಯೂ ನನ್ನ ಬಳಿ ಇತ್ತು.

ದವಾಖಾನೆಗೆ ಹೋಗಿ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ. ಅವರು ಕಟ್ಟು ಹಾಕಿದ ಕೈಯನ್ನು ಎದೆಯ ಮೇಲೆ ಸರಿಸಿಕೊಂಡರು.

"ನಾನೂ ನೋಡಿದ್ನಲ್ಲೋ ಆ ಸಳಿ. ಛಲೋ ಆಗೇತಿ ಅಂದಾಂವ ನಾನ ಅಲ್ಲೇನು?" ಅಂದು ಗೋಡೆಯ ಕಡೆ ಹೊರಳಿದರು.

ಮೊಣಕೈ ಹಾಕಿದ ಮೇಲೆ ದೋಣಿ ಓಡುತ್ತಿದೆ. ಆರು ವಾರಕ್ಕೆ ಕಟ್ಟು ಬಿಚ್ಚಿದರು. ಎಲುಬು ಸೊಟ್ಟಗೆ ಕೂಡಿತ್ತು, ಬೆರಳು ಮಡಚುವುದಿಲ್ಲ. ಎಡಗೈಯಲ್ಲಿ ಉಣ್ಣಲು ಅವರು ಒಪ್ಪುವುದಿಲ್ಲ. ಮನೆಯವರು ತುತ್ತು ಮಾಡಿ ತಿನ್ನಿಸುತ್ತಾರೆ. ಒಮ್ಮೆ ಊಟದ ಹೊತ್ತಿಗೆ ಹೋದೆ. ತಾಟು ಮುಂದಿದ್ದರೂ ನಾನು ಏಳುವ ತನಕ ಅವರು ತುತ್ತಿಗೆ ಬಾಯಿ ತೆರೆಯಲಿಲ್ಲ, ರೊಟ್ಟಿ ಆರಿತು. ಆ ಹೊತ್ತಿಗೆ ಹೋಗುವುದನ್ನು ಬಿಟ್ಟಿದ್ದೇನೆ.

ಇಂದು ಮೇ ೩೦, ಕೈ ಮುರಿದು ನೂರಾ ಎಂಟು ದಿನ. ಇದನ್ನು ಓದಿದವರಲ್ಲಿ ಯಾರಿಗಾದರೂ, ಇಷ್ಟು ದಿನದ ಮೇಲೂ ಸೊಟ್ಟ ಕೂಡಿದ ಮಣಿಕಟ್ಟನ್ನು ನೆಟ್ಟಗೆ ಮಾಡಿದ ಡಾಕ್ಟರರಾಗಲಿ ಎಲುಬು ಕೂಡಿಸುವವರಾಗಲಿ ಗೊತ್ತಿದ್ದರೆ ದಯಮಾಡಿ ಬರೆಯಿರಿ. ಊರು ಎಷ್ಟು ದೂರವಾದರೂ ನಾನು ಕರೆದುಕೊಂಡು ಹೋಗುತ್ತೇನೆ. ಪೂರಾ ಬೇಡ, ಒಂದು ತುತ್ತು ಹಿಡಿಯುವಷ್ಟು ಬೆರಳು ಮಡಚಿದರೆ ಸಾಕು.