ಅರ್ಧ ಬಸ್ಕಿಯ ಸಿದ್ದರಾಮು

ಭಾರತೀನಗರದ ಜಿಮ್ಮಿನಲ್ಲಿ ಸಿದ್ದರಾಮುವಿನಷ್ಟು ಬೆವರು ಒರೆಸಿಕೊಂಡವರೂ ಇಲ್ಲ, ಅವನಷ್ಟು ಕಡಿಮೆ ಬೆವರಿದವರೂ ಇಲ್ಲ. ಅಲ್ಲಿ ತರಬೇತಿ ಕೊಡುವ ಚೈತನ್ಯಾ ಅವನ ಊರಿನವಳೇ. ಮದ್ದೂರಿನಲ್ಲಿ ಅವನದೊಂದು ಮೊಬೈಲ್ ಅಂಗಡಿ ಇದೆಯೆಂದೂ, ಅದರ ಬಾಗಿಲು ತೆಗೆಯುವವಳು ಅವನ ಹೆಂಡತಿಯೆಂದೂ ಅವಳಿಗೆ ಗೊತ್ತು.

ಈ ಸಲ ಅವನಿಗೊಂದು ಹಟ ಹಿಡಿದಿತ್ತು. ಅವರ ಮನೆತನದವರು ಊರಮ್ಮನ ಪೂಜೆ ಹೊತ್ತು ಕುಣಿಯುವವರು. ಆಳೆತ್ತರದ ಬಿದಿರಿನ ಚೌಕಟ್ಟಿಗೆ ಸೀರೆ ಸುತ್ತಿ, ದೇವಿಯ ಮುಖ ಕಟ್ಟಿದ್ದೇ ಪೂಜೆ. ಅದನ್ನು ತಲೆಯ ಮೇಲಿಟ್ಟು, ಕೈ ಬಿಟ್ಟು, ಗುಡಿಯ ಮುಂದೆ ಪೂರ್ತಿ ಕುಕ್ಕರಗಾಲಲ್ಲಿ ಕೂತು ಎದ್ದವನಿಗೇ ಹೊರುವ ಹಕ್ಕು. ಅಪ್ಪ ದೊಡ್ಡಬೀರಯ್ಯನ ಮಂಡಿ ಸೋತಿತ್ತು. ಇನ್ನು ಹೊರುವವನು ಸಿದ್ದರಾಮುವೋ, ಅವನ ಚಿಕ್ಕಪ್ಪನ ಮಗ ಅಂಕಯ್ಯನೋ ಎಂಬುದು ಬರುವ ಮಂಗಳವಾರ ತೀರ್ಮಾನವಾಗಬೇಕಿತ್ತು.

ಅದಕ್ಕೇ ಸಿದ್ದರಾಮು ಬಸ್ಕಿ ಯಂತ್ರಕ್ಕೆ ಅಂಟಿಕೊಂಡ. ಎರಡು ಕಂಬಗಳ ನಡುವೆ ಕಬ್ಬಿಣದ ಸರಳು ಹಳಿ ಹಿಡಿದು ಮೇಲೆ ಕೆಳಗೆ ಜಾರುವ ಯಂತ್ರ ಅದು. ಅವನು ಟವೆಲನ್ನು ಸಿಂಬೆ ಸುತ್ತಿ ಕತ್ತಿನ ಮೇಲಿಟ್ಟು, ಅದರ ಮೇಲೆ ಸರಳು ಹೇರಿಕೊಂಡು, ಕಾಲು ಜೋಡಿಸಿ, ಹಿಮ್ಮಡಿ ಎತ್ತಿ, ಹುಲ್ಲಿನ ಹೊರೆ ಹೊತ್ತವನ ಹಾಗೆ ಇಳಿಯುತ್ತಿದ್ದ. ಇಳಿಯುತ್ತಿದ್ದುದೂ ಗೇಣುದ್ದ.

"ಸಿಂಬೆ ತೆಗೀಣ್ಣ," ಎಂದಳು ಚೈತನ್ಯಾ. "ಸರಳು ಕತ್ತಿನ ಮ್ಯಾಲಲ್ಲ, ಭುಜದ ಮಾಂಸದ ಮ್ಯಾಲೆ ಕೂರ್ಬೇಕು. ಕಾಲು ಅಗಲ ಮಾಡಿ ಒಸಿ ಮುಂದಕ್ಕಿಡು. ಇಮ್ಮಡಿ ಊರು. ಮಣೆ ಮ್ಯಾಲೆ ಕೂರೋ ಅಂಗೆ ಬೆನ್ನು ನೆಟ್ಟಗಿಟ್ಟು ಕೂರು. ಮಂಡಿ ಒಳಕ್ಕೆ ಬಾಗ್ಬಾರ್ದು. ಮೊದ್ಲು ತೂಕ ಇಳ್ಸು."

"ನಂಗೆ ಕೂರೋದ ಹೇಳ್ಕೊಡ್ತೀಯೇನಮ್ಮ? ನಮ್ಮಪ್ಪ ಅಮ್ಮನ್ನೇ ತಲೆ ಮ್ಯಾಲೆ ಒತ್ತೋನು."

"ಒತ್ತಿದ್ದು ಅವ್ರು. ನೀನು ಒತ್ಕೊಂಡು ತಿರುಗ್ತಿರೋದು ಫೋನು. ಇಲ್ಲಿ ಸರಳ್ನ ಹಳಿ ಇಡ್ಕೊಂಡದೆ, ಪೂಜೆಯ ಯಾರು ಇಡ್ಕೋತಾರೆ? ಯಂತ್ರ ಬುಟ್ಟೂ ಒಸಿ ಕೂತು ಎದ್ದು ಮಾಡು."

ಸಿದ್ದರಾಮು ನಕ್ಕು, ಸರಳಿಗೆ ಇನ್ನೊಂದು ತೂಕದ ಬಿಲ್ಲೆ ಏರಿಸಿ, ಪಟ ತೆಗೆಯಲು ಪಕ್ಕದವನ ಕೈಗೆ ಫೋನು ಕೊಟ್ಟ. ಅಮ್ಮನ ಭಾರ ಹೊರುವುದು ಹರಕೆಯಲ್ಲ, ಪಟ ತೆಗೆಸಿಕೊಳ್ಳುವ ಕಸುಬು ಎಂದುಕೊಂಡವನನ್ನು ಬಿಟ್ಟು ಚೈತನ್ಯಾ ಪಕ್ಕದ ಯಂತ್ರದವರ ಕಡೆಗೆ ತಿರುಗಿದಳು.

ಮಂಗಳವಾರ ದೀಪ ಹಚ್ಚಲು ಗುಡಿಗೆ ಬಂದವಳು ಅಲ್ಲೇ ನಿಂತು ನೋಡಿದಳು. ಅಂಕಯ್ಯ ಅಮ್ಮನಿಗೆ ಕೈಮುಗಿದು, ಪೂಜೆ ಹೊತ್ತು ಪೂರ್ತಿ ಕೂತ, ಮೆಲ್ಲಗೆ ಎದ್ದ. ಆಮೇಲೆ ಸಿದ್ದರಾಮು ತೋಳು ಕಾಣುವ ಬನಿಯನ್ನಿನಲ್ಲಿ ಬಂದ. ಪೂಜೆ ತಲೆಗೇರಿತು. ಗೇಣುದ್ದ ಇಳಿದು, ಕಲಿತ ಪಾಠ ಅಷ್ಟೇ ಎನ್ನುವಂತೆ ಅವನ ಮೈ ನಿಂತುಬಿಟ್ಟಿತು.

"ಇನ್ನೂ ಇಳೀಲಾ," ಎಂದ ದೊಡ್ಡಬೀರಯ್ಯ.

ಇಳಿಯಲು ಹೋದ. ಹಿಮ್ಮಡಿ ಮೇಲೆದ್ದಿತು, ಮಂಡಿಗಳು ಒಂದಕ್ಕೊಂದು ತಾಕಿದವು, ಪೂಜೆ ವಾಲಿತು. ಅಂಕಯ್ಯ ನುಗ್ಗಿ ಅದನ್ನು ಹಿಡಿದ. ಸಿದ್ದರಾಮುವನ್ನು ಯಾರೂ ಹಿಡಿಯಲಿಲ್ಲ.

"ಬಿದಿರು ಸೊಟ್ಟ ಅದೆ ಕಣಪ್ಪ," ಎಂದ ನೆಲದಿಂದಲೇ.

"ನಿನ್ ಯಂತ್ರವ ತಂದು ಗುಡಿ ಮುಂದೆ ನೆಡುಸ್ಲೇನ್ಲಾ?" ದೊಡ್ಡಬೀರಯ್ಯ ದೇವಿಯ ಸೀರೆಯ ನೆರಿಗೆ ಸರಿಮಾಡಿದ. "ಅಂಕಯ್ಯ, ಇನ್ಮುಂದೆ ನೀನೇ ಒರು."

ಮಾರನೆಯ ಬೆಳಿಗ್ಗೆ ಸಿದ್ದರಾಮು ಕುಂಟುತ್ತಾ ಜಿಮ್ಮಿಗೆ ಬಂದ. ಚೈತನ್ಯಾ ಯಂತ್ರದ ಬಿಲ್ಲೆಗಳನ್ನೆಲ್ಲ ಬಿಚ್ಚಿಟ್ಟಳು. "ಬಾಣ್ಣ, ಮಂಡಿ ವಾಸಿಯಾದ್ಮ್ಯಾಲೆ ಬರೀ ಸರಳಲ್ಲಿ ಸುರು ಮಾಡು. ಅಮ್ಮನ ಮನಸ್ಸು ಇದ್ರೆ ಮುಂದಕ್ಕೆ ಒರ್ಬೋದು."

"ಬರೀ ಸರಳ ಒತ್ರೆ ನೋಡ್ದೋರು ಏನಂದಾರು?" ಎಂದವನು ತೋಳಿನ ಕಸರತ್ತು ಮಾಡುವವರ ಕಡೆಗೆ ಹೋದ.

ಚೈತನ್ಯಾ ಆ ಬರೀ ಸರಳಿಗೆ ಮುಂದಿನವನನ್ನು ಕರೆದಳು.